ಪಾಲಿಗೆ ಬಂದ ಆಯುಧಗಳು

ಅವಿಭಕ್ತ ಕುಟುಂಬವೊಂದು ಒಡೆದು ಪಾಲಾಗುವಾಗ ಹೊಲಗದ್ದೆಗಳನ್ನು ಸರಪಳಿ ಹಿಡಿದು ಅಳೆದು ಹಂಚಬಹುದು. ಪಾತ್ರೆಪದಾರ್ಥಗಳನ್ನು ಎಣಿಸಿ ಹಂಚಬಹುದು. ಹಿರಿಯರು ಮಾಡಿಟ್ಟ ಸಾಲವನ್ನೂ ಪಂಚರು ಕುಳಿತು ತಲೆಗಿಷ್ಟೆಂದು ಗೊತ್ತುಮಾಡಬಹುದು. ಆದರೆ ಮನೆಯ ಕಾವಲುಗಾರನನ್ನು ಹಂಚುವ ಬಗೆ ಯಾವುದು? ಅವನ ಕೈಯ ಕೋವಿ ಯಾರ ಪಾಲಿಗೆ ಬಂದಿತೆಂದು ಕಾಗದದಲ್ಲಿ ಬರೆಯುವುದು ಸುಲಭ. ಆ ಕೋವಿಯು ನಾಳೆ ಯಾರ ಮಾತಿಗೆ ಏಳುವುದು, ಯಾರ ಮೇಲೆ ಏಳುವುದು ಎಂಬುದನ್ನು ಯಾವ ಪಾಲುಪತ್ರವೂ ಬರೆದಿಡಲಾರದು. ಸಾಮ್ರಾಜ್ಯಗಳು ಒಡೆದು ರಾಷ್ಟ್ರಗಳು ಹುಟ್ಟುವಾಗಲೂ ಎಲ್ಲಕ್ಕಿಂತ ತೊಡಕಾದ ಪ್ರಶ್ನೆ ಇದೇ ಆಗಿರುವುದು.

ಉಕ್ರೇನ್ ದೇಶದ ಮೇಲೆ ರಷ್ಯವು ೨೦೨೨ನೆಯ ಫೆಬ್ರವರಿ ೨೪ರಂದು ದಂಡೆತ್ತಿ ಬಂದಂದಿನಿಂದ ನಮ್ಮ ವಾಚಕರು ಒಂದೇ ಪ್ರಶ್ನೆಯನ್ನು ನಾನಾ ವಿಧವಾಗಿ ಕೇಳುತ್ತಿರುವರು. ಒಂದು ಕಾಲದಲ್ಲಿ ಪ್ರಪಂಚದಲ್ಲಿ ಮೂರನೆಯದೆನಿಸಿದ್ದ ಪರಮಾಣು ಶಸ್ತ್ರಾಗಾರವು ಆ ದೇಶದ ನೆಲದ ಮೇಲಿದ್ದಿತು. ಅದನ್ನು ಅದು ತಾನಾಗಿ ಬಿಟ್ಟುಕೊಟ್ಟಿತು. ಬಿಟ್ಟುಕೊಡದೆ ಇದ್ದಿದ್ದರೆ ಈ ಗತಿ ಬರುತ್ತಿತ್ತೇ? “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ನಮ್ಮ ಗಾದೆಯನ್ನು ಮುಂದಿಟ್ಟು ತೀರ್ಪು ಹೇಳಿ ಮುಗಿಸುವವರೂ ಉಂಟು. ಪ್ರಶ್ನೆ ನ್ಯಾಯವಾದುದು. ಆದರೆ ಅದಕ್ಕೆ ಉತ್ತರ ಕೊಡುವ ಮುನ್ನ ಆ ಪಾಲಿನಲ್ಲಿ ಏನೇನು ಬಂದಿತು, ಬಂದುದರಲ್ಲಿ ನಿಜವಾಗಿ ತಮ್ಮದಾದುದು ಎಷ್ಟು ಎಂಬ ಲೆಕ್ಕವನ್ನು ತೆಗೆಯಬೇಕಾಗಿದೆ. ಆ ಲೆಕ್ಕದಲ್ಲಿ ನಮಗೂ ಕಲಿಯತಕ್ಕ ಪಾಠವಿರುವುದರಿಂದಲೇ ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿರುವುದು.

೧೯೯೧ನೆಯ ಆಗಸ್ಟ್ ೨೪ರಂದು ಉಕ್ರೇನಿನ ಶಾಸನಸಭೆಯು ಸ್ವಾತಂತ್ರ್ಯವನ್ನು ಘೋಷಿಸಿತು. ಅದೇ ದಿನ ತನ್ನ ಎಲ್ಲೆಯೊಳಗಿನ ಸಮಸ್ತ ಸೇನೆಯೂ ತನ್ನ ಅಧಿಕಾರಕ್ಕೆ ಒಳಪಟ್ಟುದೆಂದು ಸಾರಿತು. ಡಿಸೆಂಬರ್ ೧ರ ಜನಮತಗಣನೆಯಲ್ಲಿ ಮತ ಕೊಟ್ಟವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಸ್ವಾತಂತ್ರ್ಯವನ್ನು ಅನುಮೋದಿಸಿದರು. ಆ ತಿಂಗಳು ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಾಗೆ ಹುಟ್ಟಿದ ಹೊಸ ರಾಷ್ಟ್ರದ ಮನೆಯೊಳಗೆ ಹಳೆಯ ಸಾಮ್ರಾಜ್ಯವು ಬಿಟ್ಟುಹೋದ ಸಾಮಗ್ರಿಯ ಪಟ್ಟಿ ಇದು: ಸುಮಾರು ೭ ಲಕ್ಷ ೮೦ ಸಾವಿರ ಸೈನಿಕರು, ಸುಮಾರು ೬,೫೦೦ ಟ್ಯಾಂಕುಗಳು, ೧೭೬ ಖಂಡಾಂತರ ಕ್ಷಿಪಣಿಗಳು, ನಲವತ್ತಕ್ಕೂ ಹೆಚ್ಚು ದೂರಗಾಮಿ ಬಾಂಬು ವಿಮಾನಗಳು, ಇವುಗಳಿಗೆ ತೊಡಿಸಿದ ಸುಮಾರು ೧,೯೦೦ ಪರಮಾಣು ಸಿಡಿತಲೆಗಳು, ಇವುಗಳಲ್ಲದೆ ರಣಭೂಮಿಯಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳು ಸಾವಿರಾರು, ಮತ್ತು ಸೆವಾಸ್ಟೊಪೋಲ್ ರೇವಿನಲ್ಲಿ ಲಂಗರು ಹಾಕಿದ್ದ ಕಪ್ಪು ಸಮುದ್ರದ ನೌಕಾಪಡೆ. ಬ್ರಿಟನ್, ಫ್ರಾನ್ಸ್, ಚೀನ ಈ ಮೂರೂ ಸೇರಿದರೂ ಆಗ ಅಷ್ಟು ಸಿಡಿತಲೆಗಳು ಇರಲಿಲ್ಲ. ಕಣ್ಣಿಗೆ ಕಾಣುವಂತೆ ನೋಡಿದರೆ ಒಂದೇ ರಾತ್ರಿಯಲ್ಲಿ ಮಹಾಬಲಿಷ್ಠ ರಾಷ್ಟ್ರವೊಂದು ಉದಯಿಸಿದಂತೆ ಆಯಿತು.

ಆದರೆ ಆಯುಧವು ಒಬ್ಬನ ನೆಲದ ಮೇಲಿರುವುದು ಬೇರೆ, ಅದು ಅವನದಾಗಿರುವುದು ಬೇರೆ. ಆಯುಧವೊಂದು ರಾಷ್ಟ್ರದ ಸ್ವತ್ತಾಗಬೇಕಾದರೆ ಮೂರು ವಸ್ತುಗಳು ಆ ರಾಷ್ಟ್ರದ ಕೈಯಲ್ಲಿರಬೇಕೆಂದು ನಾವು ತಿಳಿಯುತ್ತೇವೆ. ಮೊದಲನೆಯದು, ಅದನ್ನು ಹಿಡಿದವನ ಪ್ರಮಾಣವಚನ. ಎರಡನೆಯದು, ಅದರ ಬೀಗದ ಕೈ. ಮೂರನೆಯದು, ಅದನ್ನು ದುರಸ್ತು ಮಾಡತಕ್ಕ ಕಾರ್ಖಾನೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆಯುಧವು ಹಳೆಯ ಒಡೆಯನಿಗೂ ಹೊಸ ಒಡೆಯನಿಗೂ ನಡುವಣ ಹಗ್ಗವಾಗಿ ಉಳಿಯುವುದೇ ಹೊರತು ಸ್ವತ್ತಾಗುವುದಿಲ್ಲ. ಉಕ್ರೇನಿನ ಮೂವತ್ತು ವರ್ಷಗಳ ಕಥೆಯು ಈ ಮಾತಿಗೆ ಭಾಷ್ಯದಂತಿರುವುದು.

ಪ್ರಮಾಣವಚನದ ವಿಷಯದಲ್ಲಿ ಆ ದೇಶದ ನಾಯಕರು ತೋರಿದ ಬುದ್ಧಿಯನ್ನು ಯಾರೂ ಮೆಚ್ಚಲೇಬೇಕು. ಮೊದಲನೆಯ ರಕ್ಷಣಾ ಸಚಿವರಾಗಿ ಅವರು ಆರಿಸಿಕೊಂಡುದು ಜನರಲ್ ಕೊನ್‌ಸ್ಟಾಂಟಿನ್ ಮೊರೊಜೊವ್ ಎಂಬವರನ್ನು. ಈತನು ಸೋವಿಯತ್ ವಾಯುದಳದಲ್ಲಿ ಬೆಳೆದು ಕೀವ್‌ನಲ್ಲಿದ್ದ ವಾಯುಸೇನೆಯ ದಳಪತಿಯಾಗಿದ್ದವನು. ತಂದೆಯ ಕಡೆಯಿಂದ ರಷ್ಯನ್ ಮೂಲದವನು. ೧೯೯೨ನೆಯ ಜನವರಿಯಲ್ಲಿ ಸೈನಿಕರೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ಉಕ್ರೇನಿನ ಜನತೆಗೆ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡಲು ಕೇಳಲಾಯಿತು. ನೀನು ಯಾವ ಕುಲದವನು, ಮನೆಯಲ್ಲಿ ಯಾವ ಭಾಷೆ ಆಡುವೆ ಎಂದು ಕೇಳಲಿಲ್ಲ. ಪ್ರಮಾಣ ಮಾಡಿದವನು ನಮ್ಮವನು. ಒಲ್ಲದವನು ಸಮಾಧಾನವಾಗಿ ತನ್ನ ಊರಿಗೆ ಹೋಗಬಹುದು. ಸಹಸ್ರಾರು ಅಧಿಕಾರಿಗಳು ಒಲ್ಲೆವೆಂದು ಹೊರಟರು. ಫೆಬ್ರವರಿಯಲ್ಲಿ ಆರು ಬಾಂಬು ವಿಮಾನಗಳ ಚಾಲಕರು ತಮ್ಮ ವಿಮಾನಗಳೊಡನೆಯೇ ರಷ್ಯಕ್ಕೆ ಹಾರಿಹೋದುದೂ ಉಂಟು. ಆದರೆ ಬಹುಸಂಖ್ಯೆಯ ಸೈನ್ಯ ನಿಂತಿತು, ರಕ್ತಪಾತವಿಲ್ಲದೆ ನಿಂತಿತು. ರಾಷ್ಟ್ರೀಯತೆಯು ರಕ್ತದಿಂದಲ್ಲ, ಕೊಟ್ಟ ಮಾತಿನಿಂದ ಬರುವುದೆಂಬ ತತ್ವವನ್ನು ಅವರು ಅಂಗೀಕರಿಸಿದ್ದರ ಫಲವಿದು.

ನಮ್ಮ ದೇಶದವರಿಗೆ ಇದು ಹೊಸ ಕಥೆಯಲ್ಲ. ೧೯೪೭ರಲ್ಲಿ ಬ್ರಿಟಿಷರ ಸೈನ್ಯವನ್ನು ಎರಡು ರಾಜ್ಯಗಳಿಗೆ ಹಂಚುವ ಕೆಲಸವು ಕೆಲವೇ ವಾರಗಳ ಅವಸರದಲ್ಲಿ ನಡೆಯಿತು. ಸುಮಾರು ಮೂರರಲ್ಲಿ ಎರಡು ಪಾಲು ನಮಗೆ, ಒಂದು ಪಾಲು ಪಾಕಿಸ್ತಾನಕ್ಕೆ. ತಲೆಮಾರುಗಳಿಂದ ಒಂದೇ ರೆಜಿಮೆಂಟಿನಲ್ಲಿ ಉಂಡು ಕಾದಿದವರು ಬೇರೆ ಬೇರೆ ರೈಲು ಹತ್ತಿದರು. ಮದ್ದುಗುಂಡಿನ ಸರಕಾರಿ ಕಾರ್ಖಾನೆಗಳು ಹದಿನಾರಿದ್ದವು. ಹದಿನಾರೂ ಭಾರತದ ನೆಲದಲ್ಲೇ ಇದ್ದವು. ಆದರೂ ಬೀಗದ ಕೈ ಪೂರ್ತಿ ನಮ್ಮ ಕೈಗೆ ಬಂದಿರಲಿಲ್ಲ. ೧೯೪೭-೪೮ರ ಕಾಶ್ಮೀರದ ಯುದ್ಧದಲ್ಲಿ ಎದುರುಬದುರಾಗಿ ನಿಂತ ಎರಡು ಸೈನ್ಯಗಳ ದಂಡನಾಯಕರೂ ಬ್ರಿಟಿಷರೇ ಆಗಿದ್ದರೆಂಬುದನ್ನು ಇಂದಿನವರು ನಂಬುವುದೇ ಕಷ್ಟ. ಕೊಡಗಿನ ಕಾರಿಯಪ್ಪನವರು ೧೯೪೯ನೆಯ ಜನವರಿ ೧೫ರಂದು ದಂಡನಾಯಕ ಪದವಿಯನ್ನು ವಹಿಸಿಕೊಂಡಾಗಲೇ ಭೂಸೇನೆಯ ಬೀಗದ ಕೈ ನಮ್ಮವರ ಕೈಗೆ ಬಂದುದು. ನೌಕಾಪಡೆಗೆ ಭಾರತೀಯ ಅಧಿಪತಿ ದೊರೆತುದು ೧೯೫೮ರಲ್ಲಿ. ಆ ಪಡೆಯ ಧ್ವಜದ ಮೇಲಿನ ಇಂಗ್ಲೆಂಡಿನ ಶಿಲುಬೆಯ ಗುರುತು ಕೊನೆಯದಾಗಿ ತೊಲಗಿದುದು ೨೦೨೨ನೆಯ ಸೆಪ್ಟೆಂಬರ್ ೨ರಂದು. ಧ್ವಜವು ಕಾಯಬಹುದು, ಪ್ರಮಾಣವಚನ ಕಾಯಲಾರದು. ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರಿಗೆ ಪಾಕಿಸ್ತಾನದ ಸೈನ್ಯದ ಬಾಗಿಲು ತೆರೆದಿದ್ದಿತು. ಅವರು ಭಾರತಕ್ಕೆ ಕೊಟ್ಟ ಮಾತನ್ನು ಹಿಡಿದು ೧೯೪೮ನೆಯ ಜುಲೈ ೩ರಂದು ಝಂಗಡ್‌ನಲ್ಲಿ ಪ್ರಾಣ ಕೊಟ್ಟರು. ಮೊರೊಜೊವ್‌ರ ಸೈನಿಕರಿಗೆ ಯಾವ ತತ್ವ ಆಧಾರವಾಗಿದ್ದಿತೋ ಅದೇ ತತ್ವವನ್ನು ಉಸ್ಮಾನರು ಅದಕ್ಕೂ ನಾಲ್ಕು ದಶಕಗಳ ಹಿಂದೆ ತಮ್ಮ ರಕ್ತದಲ್ಲಿ ಬರೆದಿದ್ದರು.

ಇನ್ನು ಉಕ್ರೇನಿನ ಬೀಗದ ಕೈಯ ವಿಚಾರ. ಕ್ಷಿಪಣಿಗಳನ್ನು ಕಾಯುವ ಪಹರೆಯವರು ಉಕ್ರೇನಿನ ಸಂಬಳದವರಾದರೂ ಅವುಗಳನ್ನು ಹಾರಿಸುವ ಗುಪ್ತ ಸಂಕೇತಗಳು ಮಾಸ್ಕೋದಲ್ಲಿದ್ದವು. ಅಸ್ತ್ರ ಇಲ್ಲಿ, ಮಂತ್ರ ಅಲ್ಲಿ. ಕಾಲಾವಕಾಶ ದೊರೆತಿದ್ದರೆ ಆ ಬೀಗವನ್ನು ಬಿಚ್ಚಬಲ್ಲ ಇಂಜಿನಿಯರುಗಳು ಉಕ್ರೇನಿನಲ್ಲಿ ಇದ್ದರೆನ್ನುವವರುಂಟು. ಕ್ಷಿಪಣಿಗಳನ್ನು ಕಟ್ಟಿದ ದೊಡ್ಡ ಕಾರ್ಖಾನೆ ನಿಪ್ರೊಪೆಟ್ರೊವ್ಸ್ಕ್‌ನಲ್ಲಿಯೂ ಅವುಗಳ ನಿಯಂತ್ರಣ ಯಂತ್ರಗಳು ತಯಾರಾಗುತ್ತಿದ್ದ ಸ್ಥಳ ಖಾರ್ಕಿವ್‌ನಲ್ಲಿಯೂ ಇದ್ದುವೆಂಬುದು ನಿಜ. ಆದರೆ ಸಿಡಿತಲೆಯನ್ನು ತಯಾರಿಸುವ ಕಾರ್ಖಾನೆ ಆ ದೇಶದಲ್ಲಿ ಇರಲಿಲ್ಲ. ಸಿಡಿತಲೆಯಾದರೋ ಕಲ್ಲಿನ ಗುಂಡಲ್ಲ. ಕಾಲಕಾಲಕ್ಕೆ ಬಿಚ್ಚಿ, ಪರೀಕ್ಷಿಸಿ, ಭಾಗಗಳನ್ನು ಬದಲಿಸದಿದ್ದರೆ ಅದು ಕಾವಲಿನವನಿಗೇ ಮೃತ್ಯುವಾಗುವುದು. ಮೇಲಾಗಿ ಆ ಕ್ಷಿಪಣಿಗಳನ್ನು ಹೂಡಿದ್ದುದು ಸಾಗರದಾಚೆಯ ಅಮೆರಿಕದ ಮೇಲೆ ಗುರಿಯಿಟ್ಟು. ಹಳೆಯ ಯಜಮಾನನ ವೈರಕ್ಕಾಗಿ ಮಾಡಿಸಿದ ಆಯುಧವು ಹೊಸ ಮನೆಯ ಭಯಕ್ಕೆ ಹೊಂದುವಂತಿರಲಿಲ್ಲ.

ಜನರ ಮನಸ್ಸೂ ಬೇರೆಯಾಗಿದ್ದಿತು. ೧೯೮೬ನೆಯ ಏಪ್ರಿಲ್ ೨೬ರಂದು ಚೆರ್ನೊಬಿಲ್ ಪರಮಾಣು ವಿದ್ಯುದಾಗಾರವು ಸಿಡಿದು ಅವರ ನೆಲವನ್ನೂ ನೀರನ್ನೂ ಕೆಡಿಸಿದ್ದಿತು. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲೇ, ೧೯೯೦ನೆಯ ಜುಲೈ ೧೬ರ ಸಾರ್ವಭೌಮತ್ವದ ಘೋಷಣೆಯಲ್ಲಿ, ಅಣ್ವಸ್ತ್ರಗಳನ್ನು ಸ್ವೀಕರಿಸುವುದಿಲ್ಲ, ತಯಾರಿಸುವುದಿಲ್ಲ, ಸಂಪಾದಿಸುವುದಿಲ್ಲ ಎಂಬ ಮೂರು ವ್ರತಗಳನ್ನು ಅವರು ಕೈಕೊಂಡಿದ್ದರು. ಆ ವ್ರತವು ಮಾಸ್ಕೋದ ನೊಗದಿಂದ ಕೊರಳನ್ನು ಬಿಡಿಸಿಕೊಳ್ಳುವ ಮಾರ್ಗವೂ ಆಗಿದ್ದಿತೆಂಬುದನ್ನು ಮರೆಯಬಾರದು. ಮಾಸ್ಕೋದ ಅಸ್ತ್ರ ನಮ್ಮ ಅಂಗಳದಲ್ಲಿ ಇರುವತನಕ ಮಾಸ್ಕೋದ ಕೈಯೂ ನಮ್ಮ ಅಂಗಳದಲ್ಲಿ ಇರುವುದೆಂದು ಅವರು ಕಂಡುಕೊಂಡರು. ಸಣ್ಣ ಅಣ್ವಸ್ತ್ರಗಳು ೧೯೯೨ನೆಯ ಮೇ ತಿಂಗಳೊಳಗಾಗಿ ರಷ್ಯಕ್ಕೆ ಸಾಗಿಹೋದವು. ಮುಂದೆ ಅನುಮಾನ ಹುಟ್ಟಿತು. ೧೯೯೩ನೆಯ ಜುಲೈಯಲ್ಲಿ ಶಾಸನಸಭೆಯು ಉಳಿದ ಅಣ್ವಸ್ತ್ರಗಳು ತಮ್ಮ ಸ್ವತ್ತೆಂದು ಸಾಧಿಸಿತು. ಅದೇ ವರ್ಷ ಅಮೆರಿಕದ ಪಂಡಿತ ಜಾನ್ ಮಿಯರ್ಷೈಮರ್ ಎಂಬವರು, ಅವುಗಳನ್ನು ಬಿಡಬೇಡಿ, ರಷ್ಯವನ್ನು ತಡೆಯುವುದಕ್ಕೆ ನಿಮಗೆ ಬೇರೆ ಆಧಾರವಿಲ್ಲವೆಂದು ಬರೆದರು. ಆದರೆ ಆ ವರ್ಷವೇ ಉಕ್ರೇನಿನಲ್ಲಿ ಬೆಲೆಗಳು ನೂರು ಪಟ್ಟಿಗೂ ಹೆಚ್ಚು ಏರಿದವು. ವಿದೇಶದ ಸಾಲ ಬೇಕು, ರಷ್ಯದ ಅನಿಲ ಬೇಕು, ಅಮೆರಿಕದ ಸ್ನೇಹ ಬೇಕು. ಮೂರೂ ಒಂದೇ ಷರತ್ತನ್ನು ಮುಂದಿಡುತ್ತಿದ್ದವು. ಹಸಿದವನ ಕೈಯಲ್ಲಿ ಬೀಗವಿದ್ದೂ ಕೀಲಿ ಇಲ್ಲದ ಪೆಟ್ಟಿಗೆಯಿದ್ದರೆ ಅವನು ಅದನ್ನು ಎಷ್ಟು ದಿನ ತಬ್ಬಿಕೊಂಡು ಕೂರುವನು?

೧೯೯೪ನೆಯ ಜನವರಿ ೧೪ರಂದು ಮಾಸ್ಕೋದಲ್ಲಿ ಕ್ಲಿಂಟನ್, ಯೆಲ್ಟ್‌ಸಿನ್, ಕ್ರಾವ್‌ಚುಕ್ ಈ ಮೂವರು ಅಧ್ಯಕ್ಷರು ಒಪ್ಪಂದಕ್ಕೆ ಬಂದರು. ಸಿಡಿತಲೆಗಳು ರಷ್ಯಕ್ಕೆ, ಅವುಗಳೊಳಗಿನ ಯುರೇನಿಯಮ್ಮಿಗೆ ಬದಲಾಗಿ ಉಕ್ರೇನಿನ ವಿದ್ಯುದಾಗಾರಗಳಿಗೆ ಇಂಧನ, ಕ್ಷಿಪಣಿಗಳನ್ನು ಕಳಚುವ ಖರ್ಚಿಗೆ ಅಮೆರಿಕದ ಹಣ. ನವೆಂಬರ್ ೧೬ರಂದು ಶಾಸನಸಭೆಯು ೩೦೧ಕ್ಕೆ ೮ ಮತಗಳಿಂದ ಅಣ್ವಸ್ತ್ರ ಪ್ರಸರಣ ನಿಷೇಧದ ಕೌಲಿಗೆ ಸೇರಲು ಸಮ್ಮತಿಸಿತು. ಡಿಸೆಂಬರ್ ೫ರಂದು ಬುಡಾಪೆಸ್ಟ್ ನಗರದಲ್ಲಿ ರಷ್ಯ, ಅಮೆರಿಕ, ಬ್ರಿಟನ್ ಈ ಮೂರು ರಾಷ್ಟ್ರಗಳು ಉಕ್ರೇನಿನ ಎಲ್ಲೆಗಳನ್ನು ಗೌರವಿಸುವುದಾಗಿಯೂ ಅದರ ಮೇಲೆ ಬಲಪ್ರಯೋಗ ಮಾಡುವುದಿಲ್ಲವೆಂದೂ ಬರೆದು ರುಜು ಹಾಕಿದವು. ನಮ್ಮ ವಾಚಕರಲ್ಲಿ ದಸ್ತಾವೇಜುಗಳನ್ನು ಓದಿ ಬಲ್ಲ ಅಧಿಕಾರಿಗಳು ಅನೇಕರಿರುವರು. ಅವರು ಇಲ್ಲಿ ಒಂದು ಪದವನ್ನು ಗಮನಿಸಬೇಕು. ಇಂಗ್ಲಿಷ್ ಪ್ರತಿಯಲ್ಲಿ ಇರುವುದು ‘ಭರವಸೆ’ ಎಂಬ ಅರ್ಥದ ಪದ, ‘ಜಾಮೀನು’ ಎಂಬ ಅರ್ಥದ ಪದವಲ್ಲ; ಅಮೆರಿಕದವರು ಹಟಹಿಡಿದು ಆ ಪದವನ್ನೇ ಉಳಿಸಿದರು. ಉಕ್ರೇನಿಯನ್ ಪ್ರತಿಯಲ್ಲಾದರೋ ಜಾಮೀನು ಎಂಬ ಪದವೇ ಬಂದಿತು. ಮಾತು ತಪ್ಪಿದವನನ್ನು ಏನು ಮಾಡತಕ್ಕದ್ದೆಂಬ ಕಲಮು ಮಾತ್ರ ಯಾವ ಪ್ರತಿಯಲ್ಲಿಯೂ ಇಲ್ಲ. ಪ್ರಶ್ನೆ ಎದ್ದರೆ ಸೇರಿ ಸಮಾಲೋಚಿಸುವುದು ಎಂದಷ್ಟೇ ಇರುವುದು. ೧೯೯೬ನೆಯ ಜೂನ್ ತಿಂಗಳ ಹೊತ್ತಿಗೆ ಕೊನೆಯ ಸಿಡಿತಲೆ ದೇಶ ಬಿಟ್ಟಿತು. ಮೂರು ದೇಶಗಳ ರಕ್ಷಣಾ ಸಚಿವರು ಪೆರ್ವೊಮೈಸ್ಕ್‌ನ ಕ್ಷಿಪಣಿಯ ಬಾವಿ ಇದ್ದ ನೆಲದಲ್ಲಿ ಸೂರ್ಯಕಾಂತಿಯ ಸಸಿಗಳನ್ನು ನೆಟ್ಟರು. ಅಂದು ಅದನ್ನು ಕಂಡು ಸಂತೋಷಪಡದವರು ವಿರಳ.

ನೌಕಾಪಡೆಯ ವ್ಯಾಜ್ಯ ಇದಕ್ಕಿಂತ ಜಟಿಲವಾದುದು. ಏಕೆಂದರೆ ಅಲ್ಲಿ ಉಕ್ಕಿನೊಡನೆ ನೆನಪೂ ಬೆರೆತಿದ್ದಿತು. ಸೆವಾಸ್ಟೊಪೋಲ್ ೧೭೮೩ರಲ್ಲಿ ರಷ್ಯದ ಚಕ್ರವರ್ತಿನಿಯ ಕಾಲದಲ್ಲಿ ಹುಟ್ಟಿದ ರೇವು. ೧೮೫೪-೫೫ರಲ್ಲಿಯೂ ೧೯೪೧-೪೨ರಲ್ಲಿಯೂ ದೀರ್ಘವಾದ ಮುತ್ತಿಗೆಗಳನ್ನು ತಡೆದ ಆ ಊರು ರಷ್ಯದವರಿಗೆ ವೀರಕ್ಷೇತ್ರ. ಆದರೆ ಕ್ರೈಮಿಯ ಪ್ರಾಂತವನ್ನು ಸೋವಿಯತ್ ಸರಕಾರವೇ ೧೯೫೪ರಲ್ಲಿ ಉಕ್ರೇನಿಗೆ ಸೇರಿಸಿದ್ದಿತು. ೧೯೯೧ರ ಜನಮತದಲ್ಲಿ ಆ ಪ್ರಾಂತವೂ ಅಲ್ಪ ಬಹುಮತದಿಂದ ಸ್ವಾತಂತ್ರ್ಯದ ಪರವಾಗಿ ನಿಂತಿದ್ದಿತು. ನೌಕಾಪಡೆ ಯಾರದು? ಐದು ವರ್ಷ ಸಂಧಾನ ನಡೆಯಿತು. ೧೯೯೨ನೆಯ ಜುಲೈಯಲ್ಲಿ ಕಾವಲು ಹಡಗೊಂದರ ನಾವಿಕರು ಉಕ್ರೇನಿನ ಬಾವುಟವನ್ನೇರಿಸಿ, ಬೆನ್ನಟ್ಟಿ ಬಂದ ಹಡಗುಗಳಿಂದ ತಪ್ಪಿಸಿಕೊಂಡು, ಒಡೆಸ್ಸಾ ರೇವನ್ನು ಸೇರಿದರು. ಮರುವರ್ಷ ರಷ್ಯದ ಶಾಸನಸಭೆಯು ಸೆವಾಸ್ಟೊಪೋಲ್ ರಷ್ಯದ ಊರೆಂದೇ ನಿರ್ಣಯ ಮಾಡಿತು. ಕೊನೆಗೆ ೧೯೯೭ನೆಯ ಮೇ ೨೮ರ ಒಡಂಬಡಿಕೆಯಂತೆ ಹಡಗುಗಳಲ್ಲಿ ನೂರಕ್ಕೆ ೮೧.೭ ಪಾಲು ರಷ್ಯಕ್ಕೆ, ೧೮.೩ ಪಾಲು ಉಕ್ರೇನಿಗೆ ಸೇರಿದವು. ಉಕ್ರೇನ್ ತನ್ನ ಅರ್ಧ ಪಾಲಿನ ಬಹುಭಾಗವನ್ನು ಅನಿಲದ ಸಾಲಕ್ಕೆ ವಜಾಮಾಡಿಸಿ ಮಾರಿತು. ರೇವನ್ನು ೨೦೧೭ರವರೆಗೆ ರಷ್ಯಕ್ಕೆ ಗುತ್ತಿಗೆ ಕೊಟ್ಟು, ವರ್ಷಕ್ಕೆ ಸುಮಾರು ೯ ಕೋಟಿ ೮೦ ಲಕ್ಷ ಡಾಲರನ್ನು ಅದೇ ಸಾಲಕ್ಕೆ ಜಮಾ ಹಿಡಿಸಿತು. ೨೦೧೦ರಲ್ಲಿ ಅನಿಲದ ಬೆಲೆಯಲ್ಲಿ ರಿಯಾಯಿತಿ ದೊರೆಯಿತೆಂದು ಆ ಗುತ್ತಿಗೆಯನ್ನು ೨೦೪೨ಕ್ಕೆ ಬೆಳೆಸಿತು. ಸಾಲಗಾರನು ಮನೆಯ ಒಂದು ಕೋಣೆಯನ್ನು ಸಾಹುಕಾರನಿಗೆ ಬಾಡಿಗೆಗೆ ಕೊಟ್ಟಂತೆ ಆಯಿತು. ಆ ಕೋಣೆಯಲ್ಲಿ ಸಾಹುಕಾರನ ಪೈಲ್ವಾನರೂ ಇದ್ದರು.

ಇದಕ್ಕಿಂತ ಶೋಚನೀಯವಾದುದು ಬಾಂಬು ವಿಮಾನಗಳ ಕಥೆ. ೧೯೯೯-೨೦೦೦ರಲ್ಲಿ ಎಂಟು ಟಿಯು-೧೬೦, ಮೂರು ಟಿಯು-೯೫ ವಿಮಾನಗಳನ್ನೂ ೫೭೫ ದೂರಗಾಮಿ ಕ್ಷಿಪಣಿಗಳನ್ನೂ ೨೮ ಕೋಟಿ ೫೦ ಲಕ್ಷ ಡಾಲರ್ ಅನಿಲದ ಬಾಕಿಗೆ ಉಕ್ರೇನ್ ರಷ್ಯಕ್ಕೆ ಒಪ್ಪಿಸಿತು. ೨೦೨೨ರಿಂದೀಚೆಗೆ ಅವೇ ಜಾತಿಯ ವಿಮಾನಗಳಿಂದ ಹೊರಟ ಕ್ಷಿಪಣಿಗಳು ಉಕ್ರೇನಿನ ಊರುಗಳ ಮೇಲೆ ಬಿದ್ದಿರುವುವು. ಪಾಲಿಗೆ ಬಂದ ಖಡ್ಗವನ್ನು ಸೌದೆಯ ಸಾಲಕ್ಕೆ ಕೊಟ್ಟು, ಆ ಖಡ್ಗದಿಂದಲೇ ಪೆಟ್ಟು ತಿಂದ ಈ ದೃಷ್ಟಾಂತವನ್ನು ನೀತಿಕಥೆಯಲ್ಲಿ ಬರೆದಿದ್ದರೆ ಅತಿಶಯೋಕ್ತಿ ಎನ್ನುತ್ತಿದ್ದೆವು.

ಉಳಿದುದು ತಮ್ಮದೇ ಆದ ಸೈನ್ಯ. ಅದನ್ನೂ ಇಪ್ಪತ್ತು ವರ್ಷ ತುಕ್ಕುಹಿಡಿಯಲು ಬಿಟ್ಟರು. ಭಾರತದಲ್ಲಿ, ಕೃಷ್ಣನಿಲ್ಲದ ದ್ವಾರಕೆಯ ಸ್ತ್ರೀಯರನ್ನು ಕರೆದುಕೊಂಡು ಹೊರಟ ಅರ್ಜುನನಿಗೆ ಕಳ್ಳರೆದುರು ಗಾಂಡೀವವನ್ನು ಹೆದೆಯೇರಿಸುವುದೇ ಪ್ರಯಾಸವಾಯಿತೆಂದು ವ್ಯಾಸರು ಹೇಳಿರುವರು. ಧನುಸ್ಸು ಅದೇ, ಹಿಂದಿನ ಬಲ ಇರಲಿಲ್ಲ. ೨೦೧೪ನೆಯ ಮಾರ್ಚ್ ತಿಂಗಳಲ್ಲಿ ರಷ್ಯದ ಸೈನಿಕರು ಕ್ರೈಮಿಯವನ್ನು ಹಿಡಿದಾಗ ಉಕ್ರೇನಿನ ಹಂಗಾಮಿ ರಕ್ಷಣಾ ಸಚಿವರು ಸಭೆಯಲ್ಲಿ ಹೇಳಿದ ಲೆಕ್ಕವಿದು: ಕಾಗದದ ಮೇಲೆ ೪೧ ಸಾವಿರ ಪದಾತಿಗಳು, ಯುದ್ಧಕ್ಕೆ ಸಿದ್ಧರಾಗಿರುವವರು ಸುಮಾರು ೬ ಸಾವಿರ. ಹೊಸದಾಗಿ ನೇಮಕವಾದ ನೌಕಾಧಿಪತಿಯು ಮರುದಿನವೇ ಎದುರು ಪಕ್ಷವನ್ನು ಸೇರಿದನು. ೧೯೯೨ರಲ್ಲಿ ಮಾಡಿಸಿದ ಪ್ರಮಾಣವನ್ನು ಸಂಬಳದಿಂದಲೂ ಶಿಕ್ಷಣದಿಂದಲೂ ಗೌರವದಿಂದಲೂ ನೀರೆರೆದು ಕಾಯದಿದ್ದರ ಫಲವಿದು. ಬುಡಾಪೆಸ್ಟಿನ ಬರಹವನ್ನು ಹಿಡಿದು ಸಮಾಲೋಚನೆಗೆ ಕರೆದಾಗ ರಷ್ಯವು ಬರಲಿಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯುವಾಗ ದೂರು ಕೇಳುವವರು ಯಾರು? ಭದ್ರತಾ ಮಂಡಲಿಯಲ್ಲಿ ೨೦೧೪ರಲ್ಲಿಯೂ ೨೦೨೨ರಲ್ಲಿಯೂ ರಷ್ಯವೇ ತನ್ನ ವಿಶೇಷಾಧಿಕಾರದಿಂದ ನಿರ್ಣಯಗಳನ್ನು ತಡೆಯಿತು.

ಹಾಗಾದರೆ ಅಣ್ವಸ್ತ್ರವನ್ನು ಬಿಟ್ಟದ್ದು ತಪ್ಪೇ? ನಮ್ಮ ಅಭಿಪ್ರಾಯದಲ್ಲಿ ಬಿಟ್ಟದ್ದು ತಪ್ಪಲ್ಲ. ಬಿಟ್ಟ ಬಗೆ ತಪ್ಪು. ಕೀಲಿಯೂ ಕಾರ್ಖಾನೆಯೂ ಇಲ್ಲದ ಅಸ್ತ್ರವನ್ನು ಹಿಡಿದು ಕುಳಿತಿದ್ದರೆ ಹುಟ್ಟಿದ ಮರುವರ್ಷವೇ ಆ ರಾಷ್ಟ್ರವು ಪೂರ್ವಪಶ್ಚಿಮಗಳೆರಡರ ವೈರವನ್ನೂ ಕಟ್ಟಿಕೊಂಡು ಹಸಿವಿನಿಂದ ಕೆಡುತ್ತಿದ್ದಿತು. ಕಜಾಕಸ್ತಾನವೂ ಬೆಲರೂಸವೂ ತಮ್ಮ ಪಾಲಿನ ಅಣ್ವಸ್ತ್ರಗಳನ್ನು ೧೯೯೫-೯೬ರೊಳಗಾಗಿ ಬಿಟ್ಟುಕೊಟ್ಟವು. ಆದರೆ ತನ್ನದಲ್ಲದ ಆಯುಧವನ್ನು ಬಿಡುವ ರಾಷ್ಟ್ರವು ಅದಕ್ಕೆ ಬದಲಾಗಿ ತನ್ನದೇ ಆದ ಆಯುಧವನ್ನು ಬೆಳೆಸಬೇಕು. ಉಕ್ರೇನಿನ ನಾಯಕರು ಕಾಗದವನ್ನೇ ಬದಲೆಂದು ತಿಳಿದರು. ಪರರ ಭರವಸೆಯು ಸ್ವಂತ ಬಲಕ್ಕೆ ಊರುಗೋಲಾಗಬಹುದು, ಕಾಲಾಗಲಾರದು. ಇದಕ್ಕೆ ಸಾಕ್ಷಿ ೨೦೧೪ರ ತರುವಾಯದ ಚರಿತ್ರೆಯೇ. ಪೆಟ್ಟು ತಿಂದ ಆ ಜನ ಎಂಟು ವರ್ಷ ಸೈನ್ಯವನ್ನು ಹೊಸದಾಗಿ ಕಟ್ಟಿದರು. ೨೦೨೨ನೆಯ ಏಪ್ರಿಲ್ ಮೊದಲ ವಾರದೊಳಗೆ ಕೀವ್ ಸುತ್ತಣ ಶತ್ರುಸೈನ್ಯವು ಹಿಂದೆ ಸರಿಯಿತು. ಏಪ್ರಿಲ್ ೧೪ರಂದು ಕಪ್ಪು ಸಮುದ್ರದ ಪಡೆಯ ಮುಖ್ಯ ಹಡಗಾದ ‘ಮಾಸ್ಕ್ವಾ’ ಮುಳುಗಿತು. ಆ ಹಡಗು ಕಟ್ಟಲ್ಪಟ್ಟುದು ಉಕ್ರೇನಿನ ಮೈಕೊಲಾಯಿವ್ ಊರಿನಲ್ಲಿಯೇ. ಹಂಚಿಕೆಯಲ್ಲಿ ಅದು ರಷ್ಯಕ್ಕೆ ಹೋಗಿದ್ದಿತು. ಅದನ್ನು ಹೊಡೆದ ‘ನೆಪ್ಚೂನ್’ ಕ್ಷಿಪಣಿಯಾದರೋ ಕೀವ್‌ನ ಇಂಜಿನಿಯರುಗಳು ತಮ್ಮ ಕಾರ್ಯಾಗಾರದಲ್ಲಿ ರೂಪಿಸಿದುದು. ಪಾಲಿಗೆ ಬಂದ ಸಾವಿರದ ಒಂಬೈನೂರು ಸಿಡಿತಲೆಗಳಿಂದ ಆಗದ ಕಾರ್ಯ ತಾವೇ ಮಾಡಿದ ಒಂದೆರಡು ಬಾಣಗಳಿಂದ ಆಯಿತು.

ಈ ಕಥೆಯ ಒಂದು ಎಳೆ ನಮ್ಮ ಕನ್ನಡ ಕರಾವಳಿಗೂ ಬಂದು ತಲಪಿರುವುದು. ಅದೇ ಮೈಕೊಲಾಯಿವ್ ಊರಿನಲ್ಲಿ ಕಟ್ಟಿದ ವಿಮಾನವಾಹಕ ಹಡಗೊಂದು ೧೯೮೭ರಲ್ಲಿ ‘ಬಾಕು’ ಎಂಬ ಹೆಸರಿನಿಂದ ಸೋವಿಯತ್ ಸೇವೆಗೆ ಸೇರಿತು. ಮುಂದೆ ‘ಅಡ್ಮಿರಲ್ ಗೊರ್ಷ್‌ಕೊವ್’ ಆಯಿತು. ೨೦೧೩ನೆಯ ನವೆಂಬರ್ ೧೬ರಂದು ‘ವಿಕ್ರಮಾದಿತ್ಯ’ ಎಂದು ಭಾರತದ ಬಾವುಟವನ್ನೇರಿಸಿತು. ಕಾರವಾರದ ನೌಕಾನೆಲೆಯೇ ಅದರ ತವರು. ಅದರ ಜೀರ್ಣೋದ್ಧಾರಕ್ಕೆಂದು ೨೦೦೪ರಲ್ಲಿ ಗೊತ್ತಾದ ಬೆಲೆ ೯೭ ಕೋಟಿ ೪೦ ಲಕ್ಷ ಡಾಲರ್. ಕೊನೆಗೆ ನಾವು ತೆತ್ತುದು ೨೩೦ ಕೋಟಿ ಡಾಲರಿಗೂ ಮೇಲೆ. ಅರ್ಧ ಬಿಚ್ಚಿದ ಹಡಗು ಮಾರಾಟಗಾರನ ಅಂಗಳದಲ್ಲಿರುವಾಗ ಕೊಂಡವನು ಚೌಕಾಶಿ ಮಾಡುವುದು ಹೇಗೆ? ನಮ್ಮ ಅನೇಕ ಯುದ್ಧನೌಕೆಗಳ ಟರ್ಬೈನುಗಳೂ ಮೈಕೊಲಾಯಿವ್‌ನವೇ. ೨೦೨೪ನೆಯ ಡಿಸೆಂಬರಿನಲ್ಲಿ ರಷ್ಯದ ಕಲಿನಿನ್‌ಗ್ರಾಡ್‌ನಲ್ಲಿ ನಮ್ಮ ಪಡೆಗೆ ಸೇರಿದ ‘ತುಶಿಲ್’ ಹಡಗಿನ ಒಡಲು ರಷ್ಯದವರು ಕಟ್ಟಿದುದು, ಹೃದಯ ಉಕ್ರೇನಿನವರು ಎರಕ ಹೊಯ್ದುದು. ತಯಾರಿಸಿದ ಇಬ್ಬರೂ ಆಗ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಎರಡು ಕಡೆಯ ಸ್ನೇಹವನ್ನೂ ಉಳಿಸಿಕೊಂಡ ನಮ್ಮ ಸರಕಾರದ ಚಾತುರ್ಯವನ್ನು ಮೆಚ್ಚುವವರು ಮೆಚ್ಚಲಿ. ಬಿಡಿಭಾಗಗಳಿಗೆ ಎರಡು ಬಾಗಿಲುಗಳಲ್ಲಿ ಕಾಯಬೇಕಾದ ಅವಸ್ಥೆ ಮೆಚ್ಚತಕ್ಕದ್ದಲ್ಲ. ೨೦೨೨ನೆಯ ಫೆಬ್ರವರಿ ೨೫ರಂದು ಭದ್ರತಾ ಮಂಡಲಿಯಲ್ಲಿ ನಮ್ಮ ಪ್ರತಿನಿಧಿಯು ಯಾವ ಕಡೆಗೂ ಮತ ಕೊಡದೆ ಉಳಿದುದಕ್ಕೆ ನೀತಿಯ ಕಾರಣಗಳು ಏನೇ ಇರಲಿ, ಶಸ್ತ್ರಾಗಾರದ ಕಾರಣವೂ ಒಂದಿದ್ದಿತೆಂದು ಹೇಳಿದರೆ ತಪ್ಪಾಗಲಾರದು. ಆಯುಧವನ್ನು ಪರರಿಂದ ಪಡೆದವನ ನಾಲಗೆಯ ಒಂದು ತುದಿಯೂ ಪರರ ಕೈಯಲ್ಲಿ ಇರುವುದು.

ಸ್ವಾತಂತ್ರ್ಯವೆಂಬುದು ಒಂದು ದಿನ ಬಾವುಟವೇರಿಸಿ ಮುಗಿಸುವ ಉತ್ಸವವಲ್ಲ. ಹಳೆಯ ಒಡೆಯನು ಬಿಟ್ಟುಹೋದ ಒಂದೊಂದು ವಸ್ತುವನ್ನೂ ಎತ್ತಿ ನೋಡಿ, ಇದರ ಪ್ರಮಾಣ ಯಾರಿಗೆ, ಇದರ ಕೀಲಿ ಯಾರಲ್ಲಿ, ಇದು ಮುರಿದರೆ ಕಟ್ಟುವವರು ಯಾರು ಎಂದು ಕೇಳುತ್ತ ಹೋಗಬೇಕಾದ ದೀರ್ಘವ್ರತ ಅದು. ಉಕ್ರೇನಿನ ಜನ ಆ ಮೂರು ಪ್ರಶ್ನೆಗಳಲ್ಲಿ ಒಂದನ್ನು ಮೊದಲ ದಿನವೇ ಕೇಳಿದರು. ಉಳಿದ ಎರಡನ್ನು ಮರೆತು, ತಮ್ಮ ಮಕ್ಕಳ ರಕ್ತದಿಂದ ಅದರ ಬಾಕಿಯನ್ನು ತೀರಿಸಿರುವರು. ನಮಗೆ ಆ ಪ್ರಶ್ನೆಗಳನ್ನು ಶಾಂತಿಯ ಕಾಲದಲ್ಲಿ, ಆಯವ್ಯಯದ ಪಟ್ಟಿಯನ್ನು ಮುಂದಿಟ್ಟುಕೊಂಡು, ಕೇಳುವ ಅವಕಾಶವಿದೆ. ನಮ್ಮ ಪ್ರತಿನಿಧಿಗಳು ದೆಹಲಿಯಲ್ಲಿ ರಕ್ಷಣಾ ವೆಚ್ಚಕ್ಕೆ ಕೈಯೆತ್ತುವಾಗ, ಎಷ್ಟು ಹಡಗು ಎಷ್ಟು ವಿಮಾನ ಬಂದುವೆಂದು ಎಣಿಸಿ ಸಂತೋಷಪಡುವುದರ ಜೊತೆಗೆ, ಅವುಗಳಲ್ಲಿ ಎಷ್ಟರ ಕೀಲಿ ಮತ್ತು ಕಮ್ಮಟ ನಮ್ಮ ಮನೆಯಲ್ಲಿರುವುವೆಂದು ಕೇಳಲಿ. ಆ ಲೆಕ್ಕವನ್ನು ಅವರಿಂದ ವರ್ಷವರ್ಷವೂ ಕೇಳುವುದು ಮತ ಕೊಟ್ಟ ಪ್ರಜೆಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಿದೆ.